ಗಡ್ಡೆ ಕಾಣದ ಪಡೆ

ಮಕ್ಕಳ ಮೆದುಳಿನ ಗಡ್ಡೆಯ ಮುಂದೆ ದೇಹದ ರೋಗನಿರೋಧಕ ವ್ಯವಸ್ಥೆ ಸೋಲುವುದು ಬಲ ಸಾಲದೆ ಎಂದೇ ನಾವು ನಂಬಿದ್ದೇವೆ. ಈಚಿನ ಸಂಶೋಧನೆ ಬೇರೆ ಮಾತು ಹೇಳುತ್ತಿದೆ: ಬಲಕ್ಕೆ ಕೊರತೆಯಿಲ್ಲ, ಗುರುತು ಸಿಗುತ್ತಿಲ್ಲ. ಗುರುತು ತೋರಿಸಿಕೊಟ್ಟರೆ ಗಡ್ಡೆ ಕರಗಬಲ್ಲದು. ಅದರ ಬೆನ್ನಿಗೇ ಹೊಸ ಅಪಾಯವೂ ಬರುತ್ತದೆ.

ತಲೆಯ ಚರ್ಮದಡಿ ನಾಣ್ಯದಗಲದ ಪುಟ್ಟ ಸಾಧನವೊಂದನ್ನು ಕೂರಿಸಲಾಗಿದೆ. ಅದರಿಂದ ಹೊರಟ ತೆಳು ಕೊಳವೆ ಮೆದುಳಿನ ಒಳಗಿನ ದ್ರವದ ಕುಹರಕ್ಕೆ ಇಳಿದಿದೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ವೈದ್ಯರು ಆ ಸಾಧನಕ್ಕೆ ಸೂಜಿ ಚುಚ್ಚಿ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ಒಳಗೆ ಬಿಡುತ್ತಾರೆ. ಅವು ರೋಗಿಯ ರಕ್ತದಿಂದಲೇ ತೆಗೆದು, ಪ್ರಯೋಗಾಲಯದಲ್ಲಿ ಹೊಸ ಜೀನ್ ಸೇರಿಸಿ ಬೆಳೆಸಿದ ಕೋಶಗಳು. ಆಮೇಲೆ ಕಾಯುವುದಷ್ಟೇ ಕೆಲಸ. ಜ್ವರ ಏರುತ್ತದೆ, ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಮೊದಲೇ ತಡವರಿಸುತ್ತಿದ್ದ ನಡಿಗೆ ಕೆಲವೊಮ್ಮೆ ಇನ್ನಷ್ಟು ಹದಗೆಡುತ್ತದೆ. ಬೇರೆ ಯಾವ ವಾರ್ಡಿನಲ್ಲಾದರೂ ಇವೆಲ್ಲ ಕೆಟ್ಟ ಸುದ್ದಿ. ಇಲ್ಲಿ ಮಾತ್ರ ಇವಕ್ಕೆ ಎರಡು ಅರ್ಥ. ಕೋಶಗಳು ಗಡ್ಡೆಯನ್ನು ಪತ್ತೆಹಚ್ಚಿ ಕೆಲಸ ಶುರುಮಾಡಿವೆ ಎಂಬುದೊಂದು. ಆ ಕೆಲಸವೇ ರೋಗಿಯ ಜೀವಕ್ಕೆ ಎರವಾಗಬಹುದು ಎಂಬುದು ಇನ್ನೊಂದು.

ಸೆಪ್ಟೆಂಬರ್ ಮಕ್ಕಳ ಕ್ಯಾನ್ಸರ್ ಜಾಗೃತಿಯ ತಿಂಗಳು. ಹೊಂಬಣ್ಣದ ರಿಬ್ಬನ್ನುಗಳ ಜೊತೆಗೆ 'ಇಮ್ಯುನಿಟಿ ಹೆಚ್ಚಿಸಿಕೊಳ್ಳಿ' ಎಂಬ ಸಲಹೆಯೂ ವಾಟ್ಸ್‌ಆ್ಯಪ್ ತುಂಬ ಓಡಾಡುವ ಕಾಲ ಇದು. ಕೋವಿಡ್ ನಂತರ ನಮ್ಮಲ್ಲಿ ಈ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ರೋಗನಿರೋಧಕ ಶಕ್ತಿಯನ್ನು ಬ್ಯಾಟರಿಯ ಚಾರ್ಜ್ ಎಂಬಂತೆ ಲೆಕ್ಕ ಹಾಕುತ್ತೇವೆ: ಕಡಿಮೆಯಾದರೆ ರೋಗ, ಹೆಚ್ಚಾದರೆ ಆರೋಗ್ಯ. ಕಷಾಯ, ಪುಡಿ, ಲೇಹ್ಯ, ಮಾತ್ರೆಗಳ ದೊಡ್ಡ ಮಾರುಕಟ್ಟೆ ನಿಂತಿರುವುದು ಈ ಲೆಕ್ಕದ ಮೇಲೆ. ಮಕ್ಕಳ ಮೆದುಳಿನ ಗಡ್ಡೆಗಳ ವಿಚಾರದಲ್ಲಿ ಈ ಲೆಕ್ಕ ಬುಡದಿಂದಲೇ ತಪ್ಪು. ಅಲ್ಲಿ ಕೆಲವು ಗಡ್ಡೆಗಳನ್ನು ರೋಗನಿರೋಧಕ ವ್ಯವಸ್ಥೆ ಗಮನಿಸುವುದೇ ಇಲ್ಲ. ಕೆಲವನ್ನು ಅದೇ ಸಾಕಿ ಬೆಳೆಸುತ್ತದೆ. ಇನ್ನು ಕೆಲವನ್ನು, ಸರಿಯಾದ ಗುರುತು ಕೊಟ್ಟರೆ, ಅಳಿಸಿಹಾಕಬಲ್ಲದು. ಆದ್ದರಿಂದ ಶಕ್ತಿ ಎಷ್ಟಿದೆ ಎಂಬುದಕ್ಕಿಂತ ಅದು ಯಾರ ವಿರುದ್ಧ, ಎಲ್ಲಿ, ಯಾವ ಹದದಲ್ಲಿ ಕೆಲಸ ಮಾಡುತ್ತಿದೆ ಎಂಬುದು ಮುಖ್ಯ. ಚಿಕಿತ್ಸೆಯ ಮುಂದಿನ ದಾರಿಯೂ ಈ ತಿಳಿವಳಿಕೆಯಲ್ಲೇ ಇದೆ.

ಮೊಲದ ಮೆದುಳು ಕೊಟ್ಟ ಸುಳಿವು

ಮೆದುಳಿಗೂ ರೋಗನಿರೋಧಕ ವ್ಯವಸ್ಥೆಗೂ ಸಂಬಂಧವೇ ಇಲ್ಲ ಎಂದು ವೈದ್ಯವಿಜ್ಞಾನ ಬಹುಕಾಲ ನಂಬಿತ್ತು. ಹಾಗೆ ನಂಬಲು ಕಾರಣಗಳಿದ್ದವು. ರಕ್ತಕ್ಕೆ ಬಣ್ಣ ಸೇರಿಸಿದರೆ ದೇಹದ ಅಂಗಗಳೆಲ್ಲ ಬಣ್ಣ ಹಿಡಿಯುತ್ತವೆ, ಮೆದುಳು ಮಾತ್ರ ಹಿಡಿಯುವುದಿಲ್ಲ ಎಂಬುದನ್ನು ಜರ್ಮನಿಯ ಪಾಲ್ ಎರ್ಲಿಕ್ 19ನೇ ಶತಮಾನದ ಕೊನೆಯಲ್ಲೇ ಕಂಡಿದ್ದರು. ರಕ್ತ ಮತ್ತು ಮೆದುಳಿನ ನಡುವೆ ಗಟ್ಟಿ ತಡೆಯೊಂದಿದೆ ಎಂಬುದು ಮುಂದೆ ಸ್ಪಷ್ಟವಾಯಿತು. 1948ರಲ್ಲಿ ಬ್ರಿಟನ್ನಿನ ಪೀಟರ್ ಮೆಡಾವರ್ ಒಂದು ಮೊಲದ ಚರ್ಮದ ಚೂರನ್ನು ಇನ್ನೊಂದು ಮೊಲದ ಮೆದುಳಿಗೆ ಕಸಿ ಮಾಡಿ ನೋಡಿದರು. ಮೈಮೇಲೆ ಕಸಿ ಮಾಡಿದ್ದರೆ ದೇಹ ಅದನ್ನು ಕೆಲವೇ ದಿನಗಳಲ್ಲಿ ತಿರಸ್ಕರಿಸುತ್ತಿತ್ತು. ಮೆದುಳಿನಲ್ಲಿ ಅದು ಉಳಿದುಕೊಂಡಿತು. ಮೆದುಳು ರೋಗನಿರೋಧಕ ಕೋಶಗಳು ಕಾಲಿಡದ ಜಾಗ ಎಂಬ ತೀರ್ಮಾನ ಪಠ್ಯಪುಸ್ತಕ ಸೇರಿತು.

ಆದರೆ ಅದೇ ಪ್ರಯೋಗದ ಇನ್ನೊಂದು ಅರ್ಧ ಅಷ್ಟಾಗಿ ಜನಜನಿತವಾಗಲಿಲ್ಲ. ದಾನಿ ಮೊಲದ ಚರ್ಮವನ್ನು ಮೊದಲು ಮೈಮೇಲೆ ಕಸಿ ಮಾಡಿ, ದೇಹಕ್ಕೆ ಅದರ ಪರಿಚಯ ಮಾಡಿಸಿದ ಮೇಲೆ ಮೆದುಳಿಗೆ ಕಸಿ ಮಾಡಿದರೆ, ಮೆದುಳಿನಲ್ಲಿದ್ದ ಚೂರೂ ನಾಶವಾಗುತ್ತಿತ್ತು. ಅಂದರೆ ಕೋಶಗಳಿಗೆ ಮೆದುಳಿನ ಒಳಗೆ ಹೋಗಲೂ ಗೊತ್ತು, ಅಲ್ಲಿ ಕೊಲ್ಲಲೂ ಗೊತ್ತು. ಒಳಗೆ ಪರಕೀಯ ವಸ್ತುವೊಂದು ಇದೆ ಎಂಬ ಸುದ್ದಿ ಅವಕ್ಕೆ ಸುಲಭವಾಗಿ ಮುಟ್ಟುವುದಿಲ್ಲ, ಅಷ್ಟೆ. ಈ ವ್ಯತ್ಯಾಸ ಸಣ್ಣದೆನಿಸಬಹುದು. ರೋಗನಿರೋಧಕ ವ್ಯವಸ್ಥೆಯನ್ನೇ ಬಳಸುವ ಚಿಕಿತ್ಸೆಯಾದ ಇವತ್ತಿನ ಇಮ್ಯುನೊಥೆರಪಿಯ ತರ್ಕವೆಲ್ಲ ನಿಂತಿರುವುದು ಇದರ ಮೇಲೆಯೇ.

ಸುದ್ದಿ ಸಾಗುವ ದಾರಿ ಪೂರ್ತಿ ಮುಚ್ಚಿಲ್ಲ ಎಂಬುದೂ ಈಗ ತಿಳಿದಿದೆ. ಮೆದುಳಿನ ಹೊದಿಕೆಯಲ್ಲಿ ದುಗ್ಧನಾಳಗಳಿವೆ ಎಂದು 2015ರಲ್ಲಿ ಅಮೆರಿಕದ ವರ್ಜೀನಿಯಾದ ಮತ್ತು ಫಿನ್ಲೆಂಡಿನ ಹೆಲ್ಸಿಂಕಿಯ ತಂಡಗಳು ಇಲಿಗಳಲ್ಲಿ ಬೇರೆಬೇರೆಯಾಗಿ ತೋರಿಸಿದವು. ಈ ನಾಳಗಳು ಕತ್ತಿನ ದುಗ್ಧಗ್ರಂಥಿಗಳಿಗೆ ಹೋಗಿ ಸೇರುತ್ತವೆ. ಟಿ ಕೋಶಗಳಿಗೆ ಪರಕೀಯರ ಪರಿಚಯ ಆಗುವುದು ಅಂಥ ಗ್ರಂಥಿಗಳಲ್ಲೇ. ಮೆದುಳಿನೊಳಗೂ ರೋಗನಿರೋಧಕ ಕೋಶಗಳು ಕಾಯಂ ಆಗಿ ನೆಲೆಸಿವೆ. ಮೈಕ್ರೋಗ್ಲಿಯ ಎಂಬ ಈ ಕೋಶಗಳು ಭ್ರೂಣದ ತೀರಾ ಮೊದಲ ದಿನಗಳಲ್ಲಿ, ಅಸ್ಥಿಮಜ್ಜೆ ರೂಪುಗೊಳ್ಳುವ ಮೊದಲೇ, ಭ್ರೂಣದ ಹಳದಿಚೀಲದಿಂದ ಹೊರಟು ಮೆದುಳು ಸೇರುತ್ತವೆ. ಹಾಗಿದ್ದೂ ಮಗುವಿನ ಗಡ್ಡೆ ಈ ವ್ಯವಸ್ಥೆಯ ಕಣ್ತಪ್ಪಿಸಿ ಬೆಳೆಯುವುದು ಹೇಗೆ?

ಚಂದ್ರಯಾತ್ರಿಯ ಮಗಳು
*ನೀಲ್ ಆರ್ಮ್‌ಸ್ಟ್ರಾಂಗ್ ಅವರ ಮಗಳು ಕ್ಯಾರೆನ್ 1961ರ ಬೇಸಿಗೆಯಲ್ಲಿ ಸಿಯಾಟಲ್‌ನ ಪಾರ್ಕೊಂದರಲ್ಲಿ ಆಡುತ್ತ ಬಿದ್ದಳು. ಸ್ವಲ್ಪ ಹೊತ್ತಿನಲ್ಲೇ ಅವಳ ಕಣ್ಣಿನ ಚಲನೆಯಲ್ಲಿ ಏನೋ ತೊಂದರೆ ಇರುವುದು ತಾಯಿಯ ಗಮನಕ್ಕೆ ಬಂತು. ತಪಾಸಣೆಯಲ್ಲಿ ಸಿಕ್ಕಿದ್ದು ಮೆದುಳುಕಾಂಡದ ಪಾನ್ಸ್ ಎಂಬ ಭಾಗದ ಗಡ್ಡೆ. ರೇಡಿಯೇಶನ್ ಕೊಟ್ಟರು, ಕೆಲಕಾಲ ಚೇತರಿಕೆ ಕಂಡಿತು. 1962ರ ಜನವರಿ 28ರಂದು ಮೂರು ವರ್ಷ ತುಂಬುವ ಮೊದಲೇ ಅವಳು ತೀರಿಕೊಂಡಳು. ಅದೇ ವರ್ಷ ಆರ್ಮ್‌ಸ್ಟ್ರಾಂಗ್ ಗಗನಯಾತ್ರಿಯಾಗಿ ಆಯ್ಕೆಯಾದರು. ಈ ಗಡ್ಡೆಗೆ ಇವತ್ತಿಗೂ ಮೊದಲ ಚಿಕಿತ್ಸೆ ರೇಡಿಯೇಶನ್ನೇ.*

ಮಗುವಿನ ಗಡ್ಡೆ ಯಾಕೆ ಕಾಣುವುದಿಲ್ಲ

ದೊಡ್ಡವರ ಕ್ಯಾನ್ಸರ್ ಸಾಮಾನ್ಯವಾಗಿ ವರ್ಷಗಟ್ಟಲೆ ಕೂಡಿಬಂದ ಹಾನಿಯ ಫಲ. ಬಿಸಿಲು, ಹೊಗೆ, ವಯಸ್ಸು ಎಲ್ಲವೂ ಕೋಶದ ಡಿಎನ್ಎಯಲ್ಲಿ ತಮ್ಮ ಗಾಯ ಬಿಟ್ಟುಹೋಗುತ್ತವೆ. ಚರ್ಮದ ಮೆಲನೋಮದಲ್ಲಿ ಇಂಥ ರೂಪಾಂತರಗಳು ಸಾವಿರಗಟ್ಟಲೆ. ಪ್ರತಿ ರೂಪಾಂತರವೂ ವಿಕಾರಗೊಂಡ ಪ್ರೋಟೀನೊಂದನ್ನು ಹುಟ್ಟಿಸಬಹುದು. ಆ ಪ್ರೋಟೀನಿನ ತುಣುಕನ್ನು ಕೋಶದ ಹೊರಮೈಯಲ್ಲಿ ಕಂಡಾಗ ಟಿ ಕೋಶಕ್ಕೆ ಅನುಮಾನ ಬರುತ್ತದೆ. ಮಕ್ಕಳ ಕ್ಯಾನ್ಸರಿನ ಕಥೆ ಬೇರೆ. ಅದು ಹುಟ್ಟುವುದು ಬೆಳವಣಿಗೆಯ ಹಾದಿಯಲ್ಲಿ: ಒಂದು ಹಂತದಲ್ಲಿ ನಿಲ್ಲಬೇಕಿದ್ದ ಕೋಶ ನಿಲ್ಲದೆ ವಿಭಜನೆಯಾಗುತ್ತಲೇ ಹೋಗುತ್ತದೆ. ಅದಕ್ಕೆ ಬೆರಳೆಣಿಕೆಯ ರೂಪಾಂತರಗಳು ಸಾಕು. 2018ರಲ್ಲಿ ಪ್ರಕಟವಾದ ದೊಡ್ಡದೊಂದು ಜೀನೋಮ್ ಅಧ್ಯಯನದ ಪ್ರಕಾರ, ಮಕ್ಕಳ ಕ್ಯಾನ್ಸರಿನಲ್ಲಿ ರೂಪಾಂತರಗಳ ಪ್ರಮಾಣ ದೊಡ್ಡವರಲ್ಲಿ ಇರುವುದಕ್ಕಿಂತ 14 ಪಟ್ಟು ಕಡಿಮೆ. ರೋಗನಿರೋಧಕ ವ್ಯವಸ್ಥೆಗೆ ಆ ಗಡ್ಡೆ ಪರಕೀಯವೆಂದು ಅನ್ನಿಸುವುದೇ ಇಲ್ಲ.

ಪಾನ್ಸ್‌ನ ಗಡ್ಡೆಯನ್ನೇ ನೋಡಿ. ಉಸಿರಾಟ, ನುಂಗುವಿಕೆ, ಕಣ್ಣಿನ ಚಲನೆಯ ನರಗಳೆಲ್ಲ ಕೂಡುವ ಜಾಗದಲ್ಲಿ ಅದು ಆರೋಗ್ಯವಂತ ಕೋಶಗಳ ನಡುವೆ ಹರಡಿಕೊಂಡು ಬೆಳೆಯುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದು. ಪತ್ತೆಯಾದ ಮೇಲೆ ಬಹುಪಾಲು ಮಕ್ಕಳು ಬದುಕುವುದು ಸುಮಾರು ಒಂದು ವರ್ಷ. ಹಿಸ್ಟೋನ್ ಎಂಬ ಪ್ರೋಟೀನಿನಲ್ಲಿ ಆಗುವ ಕೆ27ಎಂ ಎಂಬ ಒಂದೇ ಬದಲಾವಣೆ ಈ ಗಡ್ಡೆಗಳಲ್ಲಿ ಬಹುಪಾಲು ಕಂಡುಬರುತ್ತದೆ ಎಂಬುದು 2012ರಲ್ಲಿ ಪತ್ತೆಯಾಯಿತು. ಮುಂದೆ ಈ ಗಡ್ಡೆಗಳ ಒಳಗನ್ನು ಪರೀಕ್ಷಿಸಿದಾಗ ಇನ್ನೊಂದು ಅಂಶ ಕಂಡಿತು. ಅಲ್ಲಿ ಟಿ ಕೋಶಗಳು ಇಲ್ಲವೆನ್ನುವಷ್ಟು ಕಡಿಮೆ. ಮೈಕ್ರೋಗ್ಲಿಯ ಮತ್ತು ಅದರ ಬಂಧು ಕೋಶಗಳೇನೋ ಇವೆ, ಆದರೆ ಉರಿಯೂತ ಎಬ್ಬಿಸಿ ಟಿ ಕೋಶಗಳನ್ನು ಕರೆಯುವ ರಾಸಾಯನಿಕಗಳನ್ನು ಅವು ಹೊರಡಿಸುತ್ತಿಲ್ಲ. ದೊಡ್ಡವರ ಗ್ಲಿಯೋಬ್ಲಾಸ್ಟೋಮ ಎಂಬ ಗಡ್ಡೆ ರೋಗನಿರೋಧಕ ವ್ಯವಸ್ಥೆಯನ್ನು ಸಕ್ರಿಯವಾಗಿ ಹತ್ತಿಕ್ಕುತ್ತದೆ. ಮಗುವಿನ ಈ ಗಡ್ಡೆಗೆ ಆ ಶ್ರಮವೂ ಬೇಕಿಲ್ಲ, ಯಾರೂ ಅದರ ತಂಟೆಗೆ ಬಂದೇ ಇಲ್ಲ.

ಶಕ್ತಿ ಹೆಚ್ಚಿಸಿದರೆ ಸಾಕು ಎಂಬ ವಾದಕ್ಕೆ ನೇರ ಪರೀಕ್ಷೆಯೂ ನಡೆದಿದೆ. ಟಿ ಕೋಶಗಳ ಸಹಜ ಬ್ರೇಕನ್ನು ಸಡಿಲಿಸುವ ಔಷಧಗಳು ಮೆಲನೋಮ ರೋಗಿಗಳ ಬದುಕನ್ನೇ ಬದಲಿಸಿದವು. ಅದರ ಹಿಂದಿನ ಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪಡೆದರು. ಅವೇ ಔಷಧಗಳನ್ನು, ನಿವೊಲುಮ್ಯಾಬ್ ಒಂದನ್ನೇ ಅಥವಾ ಇಪಿಲಿಮುಮ್ಯಾಬ್ ಜೊತೆಗೂಡಿಸಿ, ಮೆದುಳಿನ ಉಗ್ರ ಗಡ್ಡೆಗಳಿದ್ದ 160ಕ್ಕೂ ಹೆಚ್ಚು ಮಕ್ಕಳು ಮತ್ತು ಯುವಜನರಿಗೆ ಚೆಕ್‌ಮೇಟ್ 908 ಎಂಬ ಪ್ರಯೋಗದಲ್ಲಿ ಕೊಡಲಾಯಿತು. ಪಾನ್ಸ್‌ನ ಗಡ್ಡೆಯಿದ್ದವರ ಸರಾಸರಿ ಬದುಕು ಒಂದು ಗುಂಪಿನಲ್ಲಿ 11.7 ತಿಂಗಳು, ಇನ್ನೊಂದರಲ್ಲಿ 10.8 ತಿಂಗಳು. ಹಿಂದಿನ ಲೆಕ್ಕಕ್ಕಿಂತ ಹೇಳಿಕೊಳ್ಳುವ ಸುಧಾರಣೆ ಇಲ್ಲ. ಬ್ರೇಕ್ ಸಡಿಲಿಸಿದರೂ ಹೋಗಬೇಕಾದ ಊರು ಯಾವುದೆಂದು ಗೊತ್ತಿಲ್ಲದ ಕೋಶ ಎಲ್ಲಿಗೂ ಹೋಗಲಿಲ್ಲ.

ಈ ಸೋಲಿನ ಅರ್ಥ ಬಿಡಿಸುವುದು ಒಂದು ಅಪವಾದ. ಡಿಎನ್ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಜೀನ್ ತಂದೆ ಮತ್ತು ತಾಯಿ ಇಬ್ಬರ ಕಡೆಯಿಂದಲೂ ಕೆಟ್ಟೇ ಬಂದಿರುವ ಕೆಲವು ಮಕ್ಕಳಿದ್ದಾರೆ. ಅವರ ಗಡ್ಡೆಗಳಲ್ಲಿ ರೂಪಾಂತರಗಳ ರಾಶಿಯೇ ಇರುತ್ತದೆ. ಟೊರಾಂಟೊದ ಮಕ್ಕಳ ಆಸ್ಪತ್ರೆಯ ವೈದ್ಯರು ಇಂಥ ಒಡಹುಟ್ಟಿದವರಿಬ್ಬರಿಗೆ ನಿವೊಲುಮ್ಯಾಬ್ ಕೊಟ್ಟಾಗ ಮರುಕಳಿಸಿದ್ದ ಗಡ್ಡೆಗಳು ಕುಗ್ಗಿದವು. 2016ರಲ್ಲಿ ಅದು ವರದಿಯಾಯಿತು. ಮುಂದೆ ಇಂಥ ದೋಷವಿರುವ ಹೆಚ್ಚಿನ ರೋಗಿಗಳಲ್ಲಿ ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಗಡ್ಡೆಗಳು ಸ್ಪಂದಿಸಿದವು. ಔಷಧ ಅದೇ, ಅಂಗವೂ ಅದೇ ಮೆದುಳು, ವಯಸ್ಸೂ ಅದೇ. ಬೇರೆಯಾಗಿದ್ದದ್ದು ಒಂದೇ: ಈ ಗಡ್ಡೆ ಟಿ ಕೋಶಗಳ ಕಣ್ಣಿಗೆ ಬೀಳುವಂತಿತ್ತು.

ಗಡ್ಡೆಯನ್ನು ಸಾಕುವ ಕೋಶಗಳು

ಶಕ್ತಿ ಹೆಚ್ಚಿಸಿದರೆ ಲಾಭವಾಗದಿದ್ದರೂ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ನ್ಯೂರೋಫೈಬ್ರೊಮಾಟೋಸಿಸ್-1 ಎಂಬ ಆನುವಂಶಿಕ ಕಾಯಿಲೆಯ ಮಕ್ಕಳಲ್ಲಿ ಸುಮಾರು ಶೇ 15ರಿಂದ 20ರಷ್ಟು ಮಂದಿಗೆ ಕಣ್ಣಿನ ನರದ ಹಾದಿಯಲ್ಲಿ ನಿಧಾನವಾಗಿ ಬೆಳೆಯುವ ಗಡ್ಡೆ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡೇವಿಡ್ ಗಟ್‌ಮನ್ ತಂಡ ಇಲಿಗಳಲ್ಲಿ ಇದರ ಜಾಡು ಹಿಡಿಯಿತು. ನರಕೋಶಗಳ ಸಂಕೇತದಿಂದ ಟಿ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಅವು ಮೈಕ್ರೋಗ್ಲಿಯಕ್ಕೆ ಸಂದೇಶ ಕಳಿಸುತ್ತವೆ. ಮೈಕ್ರೋಗ್ಲಿಯ ಹೊರಡಿಸುವ ಸಿಸಿಎಲ್5 ಎಂಬ ವಸ್ತುವನ್ನು ಬಳಸಿಕೊಂಡು ಗಡ್ಡೆ ಬೆಳೆಯುತ್ತದೆ. ಇಲ್ಲಿ ಟಿ ಕೋಶ ಗಡ್ಡೆಯ ಪೋಷಕ. ಇನ್ನೂ ಅಚ್ಚರಿಯ ಸಂಗತಿಯೆಂದರೆ, ಇದೇ ಇಲಿಗಳಲ್ಲಿ ಅಸ್ತಮಾ ಉಂಟುಮಾಡಿದಾಗ ಟಿ ಕೋಶಗಳ ನಡವಳಿಕೆ ಬದಲಾಗಿ, ಡೆಕೋರಿನ್ ಎಂಬ ಪ್ರೋಟೀನಿನ ಮೂಲಕ ಮೈಕ್ರೋಗ್ಲಿಯ ತಣ್ಣಗಾಗಿ, ಗಡ್ಡೆ ಹುಟ್ಟುವುದೇ ಕಡಿಮೆಯಾಯಿತು. ಶ್ವಾಸಕೋಶದ ಕಾಯಿಲೆ ಕಣ್ಣಿನ ನರದ ಗಡ್ಡೆಯನ್ನು ತಡೆದದ್ದು ರೋಗನಿರೋಧಕ ಶಕ್ತಿ ಹೆಚ್ಚಿದ್ದಕ್ಕಲ್ಲ, ಅದು ದಿಕ್ಕು ಬದಲಿಸಿದ್ದಕ್ಕೆ.

ಪಿಟ್ಯುಟರಿ ಗ್ರಂಥಿಯ ಬಳಿ ಬೆಳೆಯುವ ಕ್ರೇನಿಯೋಫ್ಯಾರಿಂಜಿಯೋಮ ಎಂಬ ಗಡ್ಡೆಯ ವಿಷಯವೂ ಹೀಗೆಯೇ. ಅದು ಹರಡುವ ಕ್ಯಾನ್ಸರ್ ಅಲ್ಲ, ಆದರೆ ಅದರ ದ್ರವ ತುಂಬಿದ ಚೀಲಗಳು ದೃಷ್ಟಿಯನ್ನೂ ಹಾರ್ಮೋನ್ ವ್ಯವಸ್ಥೆಯನ್ನೂ ಹಾಳುಮಾಡುತ್ತವೆ. ಆ ದ್ರವದಲ್ಲಿ ಉರಿಯೂತ ಹೆಚ್ಚಿಸುವ ಐಎಲ್-6 ಎಂಬ ಸಂದೇಶವಾಹಕ ಧಾರಾಳವಾಗಿದೆ. ಹಾಗಾಗಿ ಸಂಧಿವಾತದಲ್ಲಿ ಐಎಲ್-6 ಅನ್ನು ತಡೆಯಲು ಕೊಡುವ ಟೊಸಿಲಿಜುಮ್ಯಾಬ್ ಔಷಧವನ್ನು ಇಲ್ಲಿಯೂ ಪ್ರಯತ್ನಿಸಲಾಗಿದೆ. ಒಂದು ಗಡ್ಡೆಗೆ ಉರಿಯೂತ ಹುಟ್ಟಿಸಬೇಕು, ಇನ್ನೊಂದಕ್ಕೆ ಆರಿಸಬೇಕು. ಎರಡಕ್ಕೂ ಒಂದೇ 'ಇಮ್ಯುನಿಟಿ ಬೂಸ್ಟರ್' ಕೊಡಬಹುದು ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಗುರುತು ತೋರಿಸಿದ ಮೇಲೆ

ಹಾಗಾದರೆ ಪಾನ್ಸ್‌ನ ಗಡ್ಡೆಯನ್ನು ಟಿ ಕೋಶಗಳಿಗೆ ತೋರಿಸುವುದು ಹೇಗೆ? ಉತ್ತರ ಹುಡುಕಲು ಮೊದಲು ಗಡ್ಡೆಯ ಚೂರು ಬೇಕಿತ್ತು. ಜಾಗ ಅಪಾಯದ್ದಾದ್ದರಿಂದ ದಶಕಗಳ ಕಾಲ ಬಯಾಪ್ಸಿಯನ್ನೇ ಮಾಡದೆ ಎಂಆರ್‌ಐ ನೋಡಿ ರೋಗ ನಿರ್ಧರಿಸುತ್ತಿದ್ದರು. ಮಗು ತೀರಿಕೊಂಡ ಬಳಿಕ ಹೆತ್ತವರು ದಾನವಾಗಿ ಕೊಟ್ಟ ಅಂಗಾಂಶದಿಂದ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೋಂಜೆ ಮೊದಲಾದವರು ಪ್ರಯೋಗಾಲಯದಲ್ಲಿ ಈ ಕೋಶಗಳನ್ನು ಬೆಳೆಸಿದರು. ಕೆ27ಎಂ ಇರುವ ಕೋಶಗಳ ಹೊರಮೈಯಲ್ಲಿ ಜಿಡಿ2 ಎಂಬ ಸಕ್ಕರೆ-ಕೊಬ್ಬಿನ ಅಣು ವಿಪರೀತವಾಗಿರುವುದು ಹಾಗೆ ತಿಳಿದುಬಂತು. ಜಿಡಿ2ವನ್ನು ಗುರುತಿಸುವ ಗ್ರಾಹಕವನ್ನು ಟಿ ಕೋಶಕ್ಕೆ ಜೋಡಿಸಿದರೆ ಅದು ಕಾರ್-ಟಿ ಕೋಶವಾಗುತ್ತದೆ. ಗಡ್ಡೆ ತನ್ನ ರೂಪಾಂತರವನ್ನು ಎಷ್ಟೇ ಮರೆಸಿಕೊಳ್ಳಲಿ, ಈ ಕೋಶಕ್ಕೆ ಅದರ ಗುರುತು ಹೊರಗಿನಿಂದಲೇ ಬರೆದುಕೊಟ್ಟಾಗಿರುತ್ತದೆ. 2018ರಲ್ಲಿ ಮೋಂಜೆ ಮತ್ತು ಕ್ರಿಸ್ಟಲ್ ಮಕಾಲ್ ತಂಡ ಇಲಿಗಳಲ್ಲಿ ಗಡ್ಡೆಗಳು ಬಹುಮಟ್ಟಿಗೆ ಮಾಯವಾದುದನ್ನು ವರದಿ ಮಾಡಿತು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಉರಿಯೂತದ ಊತದಿಂದ ಮೆದುಳಿನ ದ್ರವದ ಹಾದಿ ಕಟ್ಟಿಕೊಂಡು ಕೆಲವು ಇಲಿಗಳು ಸತ್ತವು.

ಈ ಎಚ್ಚರಿಕೆಯೇ ಮನುಷ್ಯರ ಪ್ರಯೋಗದ ರೂಪವನ್ನು ನಿರ್ಧರಿಸಿತು. ಹೊಟ್ಟೆಯಲ್ಲೋ ತೊಡೆಯಲ್ಲೋ ಗಡ್ಡೆ ಊದಿದರೆ ನೋವಾದೀತು. ತಲೆಬುರುಡೆಯೊಳಗೆ ಊದಿದರೆ ಜಾಗವೇ ಇಲ್ಲ. ಕುಕ್ಕರಿನ ಒಳಗೆ ಒತ್ತಡ ಏರಿದರೆ ಸೀಟಿ ಹೊಡೆದು ಆವಿ ಹೊರಹೋಗುವ ವ್ಯವಸ್ಥೆ ಇದೆಯಲ್ಲ, ತಲೆಯ ಚರ್ಮದಡಿಯ ಆ ಸಾಧನ ಅಂಥದೇ ಕೆಲಸವನ್ನೂ ಮಾಡುತ್ತದೆ: ಕೋಶಗಳನ್ನು ಒಳಬಿಡುವ ಬಾಗಿಲೂ ಅದೇ, ಒತ್ತಡ ಹೆಚ್ಚಿದಾಗ ದ್ರವ ಹೊರತೆಗೆಯುವ ದಾರಿಯೂ ಅದೇ. ಊತದ ಇದೇ ಅಪಾಯದಿಂದಾಗಿ ಮೆದುಳಿನ ಆಳದ ಥಾಲಮಸ್ ಅಥವಾ ಕಿರುಮೆದುಳಿನಲ್ಲಿ ದೊಡ್ಡ ಗಡ್ಡೆ ಇದ್ದವರನ್ನು ಪ್ರಯೋಗಕ್ಕೆ ಸೇರಿಸಲಿಲ್ಲ. ಕೈಮೀರಿದರೆ ಕಾರ್-ಟಿ ಕೋಶಗಳನ್ನೇ ಸಾಯಿಸುವ ಸ್ವಿಚ್ಚನ್ನು ಅವುಗಳ ಜೀನಿನಲ್ಲಿ ಮೊದಲೇ ಸೇರಿಸಲಾಗಿತ್ತು.

2024ರ ನವೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಚಿಕಿತ್ಸೆ ಪಡೆದ 11 ಮಕ್ಕಳು ಮತ್ತು ಯುವಜನರಲ್ಲಿ ನಾಲ್ವರ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಅವರಲ್ಲಿ ಒಬ್ಬರ ಗಡ್ಡೆ ಸ್ಕ್ಯಾನಿನಲ್ಲಿ ಪೂರ್ತಿ ಕಾಣೆಯಾಯಿತು, ವರದಿಯ ಹೊತ್ತಿಗೆ 30 ತಿಂಗಳು ದಾಟಿದರೂ ಮರಳಿರಲಿಲ್ಲ. ಒಂಬತ್ತು ಮಂದಿಯಲ್ಲಿ ನರಸಂಬಂಧಿ ತೊಂದರೆಗಳು ಸುಧಾರಿಸಿದವು. ಸಿಯಾಟಲ್ ಮಕ್ಕಳ ಆಸ್ಪತ್ರೆಯ ತಂಡ ಬಿ7-ಎಚ್3 ಎಂಬ ಬೇರೊಂದು ಗುರುತನ್ನು ಹಿಡಿದು, ಕೋಶಗಳನ್ನು ನೇರವಾಗಿ ಮೆದುಳಿನ ದ್ರವಕ್ಕೇ ಪದೇಪದೇ ಕೊಟ್ಟು, 21 ರೋಗಿಗಳ ಫಲಿತಾಂಶವನ್ನು 2025ರ ಜನವರಿಯಲ್ಲಿ ಪ್ರಕಟಿಸಿತು. ರೋಗ ಪತ್ತೆಯಾದಂದಿನಿಂದ ಲೆಕ್ಕ ಹಾಕಿದರೆ ಸರಾಸರಿ ಬದುಕು 19.8 ತಿಂಗಳು.

ಗುರುತು ತೋರಿಸಲು ಬೇರೆ ದಾರಿಗಳೂ ಇವೆ. ಬಾಯಿಯ ಬಳಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸನ್ನು ನಿರಪಾಯಗೊಳಿಸಿ ಜಿ207 ಎಂಬ ಹೆಸರಿನಲ್ಲಿ 12 ಮಕ್ಕಳ ಮರುಕಳಿಸಿದ ಗಡ್ಡೆಗಳೊಳಗೆ ಬಿಟ್ಟ ಅಲಬಾಮಾದ ಪ್ರಯೋಗ 2021ರಲ್ಲಿ ವರದಿಯಾಯಿತು. ಟಿ ಕೋಶಗಳೇ ಇಲ್ಲದಿದ್ದ ಗಡ್ಡೆಗಳಿಗೆ ವೈರಸ್ಸಿನ ನಂತರ ಅವು ದಂಡಾಗಿ ಬಂದವು. ಕೆ27ಎಂ ತುಣುಕನ್ನೇ ಲಸಿಕೆಯಾಗಿ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ, ಲಸಿಕೆಗೆ ಟಿ ಕೋಶಗಳು ಸ್ಪಂದಿಸಿದ ಮಕ್ಕಳು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದರು. ಅದೇ ಪ್ರಯೋಗ ಇನ್ನೊಂದನ್ನೂ ತೋರಿಸಿತು: ಮೆದುಳಿನ ಊತ ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಪಡೆಯುತ್ತಿದ್ದವರಲ್ಲಿ ಲಸಿಕೆಯ ಪರಿಣಾಮ ಕಡಿಮೆ. ಮಗುವಿನ ತಲೆನೋವು, ವಾಂತಿ ತಗ್ಗಿಸಲು ಆ ಔಷಧ ಬೇಕೇ ಬೇಕು, ಆದರೆ ಅದು ಟಿ ಕೋಶಗಳನ್ನು ಮಂಕಾಗಿಸುತ್ತದೆ.

ಅಂಕಿಗಳಲ್ಲಿ
*● ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 4 ಲಕ್ಷ ಮಕ್ಕಳು, ಹದಿಹರೆಯದವರು ಕ್ಯಾನ್ಸರ್‌ಗೆ ತುತ್ತಾಗುತ್ತಾರೆ.*
*● ರಕ್ತದ ಕ್ಯಾನ್ಸರ್ ಬಿಟ್ಟರೆ ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಮೆದುಳು ಮತ್ತು ಬೆನ್ನುಹುರಿಯ ಗಡ್ಡೆಗಳು.*
*● ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಬಡ ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ.*
*● 2030ರೊಳಗೆ ಎಲ್ಲೆಡೆ ಕನಿಷ್ಠ ಶೇ 60 ಮಕ್ಕಳು ಬದುಕುಳಿಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಟ್ಟುಕೊಂಡ ಗುರಿ.*

ಹನ್ನೊಂದು ಜನರ ಲೆಕ್ಕ ಸಾಕೇ?

ಇಲ್ಲಿ ಎರಡು ಬಲವಾದ ಆಕ್ಷೇಪಗಳಿವೆ. ಮೊದಲನೆಯದು, ಇವೆಲ್ಲ ತೀರಾ ಸಣ್ಣ ಪ್ರಯೋಗಗಳು. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪಿಲ್ಲ. ಪ್ರಯೋಗಕ್ಕೆ ಸೇರುವಷ್ಟು ಗಟ್ಟಿಮುಟ್ಟಾಗಿದ್ದವರು ಹೇಗೂ ತುಸು ಹೆಚ್ಚು ಕಾಲ ಬದುಕುತ್ತಾರೆ, ಅದನ್ನು ಚಿಕಿತ್ಸೆಯ ಖಾತೆಗೆ ಬರೆದರೆ ತಪ್ಪಾಗುತ್ತದೆ. ಈ ಆಕ್ಷೇಪ ನ್ಯಾಯವಾದದ್ದು, 'ಸರಾಸರಿ ಬದುಕು 19.8 ತಿಂಗಳು' ಎಂಬ ಸಾಲನ್ನು ಅಷ್ಟೇ ಎಚ್ಚರದಿಂದ ಓದಬೇಕು. ಆದರೆ ಸರಾಸರಿ ಆಯಸ್ಸು ಒಂದೇ ಇಲ್ಲಿನ ಸಾಕ್ಷ್ಯವಲ್ಲ. ಈ ಗಡ್ಡೆ ತಾನಾಗಿ ಕರಗಿಹೋಗುವುದು ಇಲ್ಲವೆನ್ನುವಷ್ಟು ಅಪರೂಪ. ಕೋಶಗಳನ್ನು ಕೊಟ್ಟ ಬೆನ್ನಿಗೆ ಉರಿಯೂತ ಎದ್ದು, ಆಮೇಲೆ ಗಡ್ಡೆ ಕುಗ್ಗಿ, ನಡಿಗೆಯಂಥ ಕಳೆದುಹೋದ ಸಾಮರ್ಥ್ಯ ಮರಳಿದ್ದು ಕಾರಣ ಮತ್ತು ಪರಿಣಾಮವನ್ನು ನೇರವಾಗಿ ಜೋಡಿಸುತ್ತದೆ. ಚಿಕಿತ್ಸೆ ಎಷ್ಟು ಜನರನ್ನು ಉಳಿಸುತ್ತದೆ ಎಂಬ ಪ್ರಶ್ನೆಗೆ 11 ಜನ ಸಾಲದು. ರೋಗನಿರೋಧಕ ಕೋಶಗಳು ಪಾನ್ಸ್‌ನೊಳಗೆ ಹೋಗಿ ಗಡ್ಡೆಯನ್ನು ಕೊಲ್ಲಬಲ್ಲವೇ ಎಂಬ ಪ್ರಶ್ನೆಗೆ ಪೂರ್ತಿ ಕರಗಿದ ಒಂದು ಗಡ್ಡೆಯೂ ಉತ್ತರವೇ.

ಮಕ್ಕಳ ರಕ್ತದ ಕ್ಯಾನ್ಸರಿನಲ್ಲೂ ಆರಂಭ ಹೀಗೆಯೇ ಆಗಿತ್ತು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಒಬ್ಬ ಬಾಲಕಿ ಕಾರ್-ಟಿ ಪಡೆದು ಬದುಕುಳಿದಳು. ಐದೇ ವರ್ಷಗಳಲ್ಲಿ ಅದು ಅಮೆರಿಕದಲ್ಲಿ ಒಪ್ಪಿತ ಚಿಕಿತ್ಸೆಯಾಯಿತು. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ರಕ್ತದಲ್ಲಿ ಬಹುಪಾಲು ಕ್ಯಾನ್ಸರ್ ಕೋಶಗಳ ಮೇಲೆ ಸಿಡಿ19 ಎಂಬ ಒಂದೇ ಗುರುತಿದೆ. ಅದೇ ಗುರುತಿನ ಆರೋಗ್ಯವಂತ ಬಿ ಕೋಶಗಳೂ ಜೊತೆಗೆ ಸತ್ತರೆ ರೋಗಿ ಹೇಗೋ ಬದುಕಬಲ್ಲ. ಮೆದುಳಿನಲ್ಲಿ ಕಳೆದುಕೊಳ್ಳಬಹುದಾದ ಹೆಚ್ಚುವರಿ ಕೋಶಗಳು ಯಾವುವೂ ಇಲ್ಲ. ಗಡ್ಡೆಯ ಎಲ್ಲ ಕೋಶಗಳೂ ಜಿಡಿ2ವನ್ನು ಒಂದೇ ಪ್ರಮಾಣದಲ್ಲಿ ಹೊತ್ತಿರುವುದಿಲ್ಲ. ಕಡಿಮೆ ಹೊತ್ತವು ಉಳಿದು ಮತ್ತೆ ಬೆಳೆಯಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ ಲಾಭ ಕಂಡವರಲ್ಲೂ ಹೆಚ್ಚಿನವರಿಗೆ ಆ ಲಾಭ ಶಾಶ್ವತವಾಗಲಿಲ್ಲ. ಇದರಿಂದ ಹೊರಡುವ ತೀರ್ಮಾನ ನಿರಾಶೆಯದಲ್ಲ, ಕೆಲಸದ್ದು: ಒಂದೇ ಗುರುತು ಸಾಲದು, ಎರಡು ಮೂರು ಗುರುತುಗಳನ್ನು ಒಟ್ಟಿಗೆ ಕಲಿಸಬೇಕು, ಕೋಶಗಳು ದಣಿಯದಂತೆ ನೋಡಿಕೊಳ್ಳಬೇಕು, ಊತವನ್ನು ಸ್ಟಿರಾಯ್ಡ್ ಇಲ್ಲದೆ ತಗ್ಗಿಸುವ ದಾರಿ ಬೇಕು.

ನಮ್ಮಲ್ಲಿ ಇದರ ಮಾತೇಕೆ?

ಎರಡನೇ ಆಕ್ಷೇಪ ನಮ್ಮ ನೆಲದ್ದು. ಎಂಆರ್‌ಐಗೇ ವಾರಗಟ್ಟಲೆ ಕಾಯಬೇಕಾದ, ಜಿಲ್ಲಾ ಕೇಂದ್ರದಲ್ಲಿ ಮಕ್ಕಳ ನರಶಸ್ತ್ರಚಿಕಿತ್ಸಕರು ಸಿಗದ ಕಡೆ ಜೀನ್ ಬದಲಿಸಿದ ಟಿ ಕೋಶಗಳ ಮಾತು ದುಂದಲ್ಲವೇ? ಮಕ್ಕಳ ಮೆದುಳಿನ ಗಡ್ಡೆಗಳಲ್ಲಿ ಅನೇಕವು ಶಸ್ತ್ರಚಿಕಿತ್ಸೆ, ರೇಡಿಯೇಶನ್, ಕೀಮೋಗಳಿಂದಲೇ ವಾಸಿಯಾಗುತ್ತವೆ. ನಿಧಾನವಾಗಿ ಬೆಳೆಯುವ ಗ್ಲಿಯೋಮ ಎಂಬ ಗಡ್ಡೆಗಳಲ್ಲೂ ಮೆಡುಲ್ಲೋಬ್ಲಾಸ್ಟೋಮ ಎಂಬ ಗಡ್ಡೆಯ ಕೆಲವು ಬಗೆಗಳಲ್ಲೂ ಬದುಕುಳಿಯುವ ಪ್ರಮಾಣ ಶೇ 90ರ ಆಸುಪಾಸು ತಲುಪಬಲ್ಲದು. ಆ ಮಕ್ಕಳನ್ನು ಬೇಗ ಪತ್ತೆ ಮಾಡಿ ಸರಿಯಾದ ಆಸ್ಪತ್ರೆಗೆ ಕಳಿಸುವುದೇ ಮೊದಲ ಆದ್ಯತೆ ಎಂಬ ಮಾತಿಗೆ ಎದುರಾಡುವಂತಿಲ್ಲ. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ವಾದ ಸರಿಯಲ್ಲ.

ಮೊದಲ ಕಾರಣ, ಈ ಜ್ಞಾನದಿಂದ ಬರುವ ಲಾಭವೆಲ್ಲ ದುಬಾರಿಯದಲ್ಲ. ತಪ್ಪು ತಿದ್ದುವ ಜೀನಿನ ದೋಷ ತಂದೆ, ತಾಯಿ ಇಬ್ಬರಿಂದಲೂ ಬರಬೇಕಾದ್ದರಿಂದ ಅದು ರಕ್ತಸಂಬಂಧದ ಮದುವೆಗಳಿರುವ ಕಡೆ ಹೆಚ್ಚು. ಸೋದರಮಾವ, ಸೋದರತ್ತೆಯ ಮಕ್ಕಳ ಜೊತೆಗಿನ ಮದುವೆ ನಮ್ಮಲ್ಲಿ ಹಳೆಯ ರೂಢಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಸುಮಾರು ಕಾಲುಭಾಗ ಮದುವೆಗಳು ಸಂಬಂಧದೊಳಗಿನವು. ಹಾಗೆಂದು ಇಂಥ ಮದುವೆಯಾದವರೆಲ್ಲ ಹೆದರಬೇಕಿಲ್ಲ, ಈ ದೋಷ ತೀರಾ ಅಪರೂಪ. ಆದರೆ ಮೈಮೇಲೆ ಹಾಲುಕಾಫಿ ಬಣ್ಣದ ಮಚ್ಚೆಗಳಿರುವ, ಉಗ್ರ ಸ್ವರೂಪದ ಗ್ಲಿಯೋಮ ಕಾಣಿಸಿಕೊಂಡ ಮಗುವಿನ ಗಡ್ಡೆಯ ಚೂರಿನಲ್ಲಿ ತಪ್ಪು ತಿದ್ದುವ ಪ್ರೋಟೀನುಗಳು ಇವೆಯೇ ಎಂದು ಬಣ್ಣ ಹಾಕಿ ನೋಡುವುದು ಪೆಥಾಲಜಿ ವಿಭಾಗದ ಸಾಮಾನ್ಯ ಪರೀಕ್ಷೆ. ಚೆಕ್‌ಮೇಟ್ ಪ್ರಯೋಗದಲ್ಲಿ ಸೋತ ಅದೇ ಔಷಧದಿಂದ ಲಾಭ ಪಡೆಯಬಹುದಾದ ಮಗು ಯಾವುದೆಂದು ಅದು ಹೇಳಿಬಿಡುತ್ತದೆ. ಒಡಹುಟ್ಟಿದವರ ಮೇಲೆ ನಿಗಾ ಇಡಲೂ ದಾರಿಯಾಗುತ್ತದೆ.

ಎರಡನೆಯದು, ಕೋಶ ಚಿಕಿತ್ಸೆ ಈಗ ನಮಗೆ ಪರದೇಶದ ಸುದ್ದಿಯಾಗಿ ಉಳಿದಿಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರೂಪುಗೊಂಡ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಕಾರ್-ಟಿ 2025ರಲ್ಲಿ ಬಳಕೆಗೆ ಬಂತು. ಎರಡೂ ರಕ್ತದ ಕ್ಯಾನ್ಸರಿಗೆ ಸೀಮಿತ, ಲಕ್ಷಗಟ್ಟಲೆ ಖರ್ಚಿನವು. ಆದರೂ ಅಮೆರಿಕದ ದರಕ್ಕೆ ಹೋಲಿಸಿದರೆ ಬೆಲೆ ಬಹಳ ಕಡಿಮೆ. ಕೋಶ ತೆಗೆದು, ಜೀನ್ ಸೇರಿಸಿ, ಬೆಳೆಸಿ, ಮರಳಿ ಕೊಡುವ ಕಾರ್ಖಾನೆ, ನುರಿತ ಕೈಗಳು, ಜ್ವರದ ಬಿರುಗಾಳಿ ನಿಭಾಯಿಸುವ ವಾರ್ಡು ಇವೆಲ್ಲ ಸಿದ್ಧವಾದ ಮೇಲೆ ಸಿಡಿ19ರ ಬದಲು ಜಿಡಿ2ವನ್ನು ಗುರುತಿಸುವ ಕೋಶ ಮಾಡುವುದು ಸೊನ್ನೆಯಿಂದ ಶುರುಮಾಡುವ ಕೆಲಸವಲ್ಲ. ನರವಿಜ್ಞಾನಕ್ಕೆ ನಿಮ್ಹಾನ್ಸ್, ಕ್ಯಾನ್ಸರಿಗೆ ಕಿದ್ವಾಯಿ, ಕೋಶ ಚಿಕಿತ್ಸೆಗೆ ಕಂಪನಿಗಳು ಒಂದೇ ಊರಿನಲ್ಲಿರುವುದು ಬೆಂಗಳೂರಿನ ಅನುಕೂಲ. ಅದನ್ನು ಬಳಸಿಕೊಳ್ಳಲು ಮಕ್ಕಳಿಗೆಂದೇ ರೂಪಿಸಿದ ಪ್ರಯೋಗಗಳು ಬೇಕು. ದೊಡ್ಡವರಲ್ಲಿ ಯಶಸ್ವಿಯಾದದ್ದನ್ನು ವರ್ಷಗಳ ನಂತರ ಮಕ್ಕಳಿಗೆ ಕೊಟ್ಟು ನೋಡುವ ಪದ್ಧತಿಗೆ ಚೆಕ್‌ಮೇಟ್ ಕೊಟ್ಟ ಉತ್ತರ ನಮ್ಮ ಮುಂದಿದೆ.

ಈ ಲಕ್ಷಣ ಕಂಡರೆ ತಡಮಾಡಬೇಡಿ
*● ವಾರಗಟ್ಟಲೆ ಮುಂದುವರಿಯುವ ತಲೆನೋವು, ಅದರಲ್ಲೂ ಬೆಳಗ್ಗೆ ಎದ್ದಾಗ ವಾಂತಿಯೊಂದಿಗೆ ಬರುವುದು*
*● ಹೊಸದಾಗಿ ಕಾಣಿಸಿಕೊಂಡ ಮೆಳ್ಳಗಣ್ಣು, ದೃಷ್ಟಿ ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು*
*● ನಡೆಯುವಾಗ ವಾಲುವುದು, ಪದೇಪದೇ ಬೀಳುವುದು, ತಲೆ ಒಂದೇ ಕಡೆ ಓರೆಯಾಗಿರುವುದು*
*● ಮುಖದ ಒಂದು ಬದಿ ಜೋತುಬೀಳುವುದು, ನುಂಗಲು ಕಷ್ಟವಾಗುವುದು, ಫಿಟ್ಸ್*
*● ಕೂಸಿನ ತಲೆ ಬೇಗಬೇಗ ದೊಡ್ಡದಾಗುವುದು*
*ಇವುಗಳಿಗೆ ಹೆಚ್ಚಿನ ಸಲ ಸಾಮಾನ್ಯ ಕಾರಣಗಳೇ ಇರುತ್ತವೆ. ಆದರೆ ಲಕ್ಷಣ ಹೋಗದಿದ್ದರೆ, ಅಥವಾ ಎರಡು ಮೂರು ಒಟ್ಟಿಗೆ ಬಂದರೆ, ಮಕ್ಕಳ ವೈದ್ಯರಿಗೆ ತೋರಿಸಿ. ಬ್ರಿಟನ್ನಿನಲ್ಲಿ 2011ರಲ್ಲಿ ಶುರುವಾದ 'ಹೆಡ್‌ಸ್ಮಾರ್ಟ್' ಅಭಿಯಾನ ಇಂಥ ಪಟ್ಟಿಯನ್ನು ಹಂಚಿಯೇ ರೋಗ ಪತ್ತೆಯ ವಿಳಂಬವನ್ನು ತಗ್ಗಿಸಿತು.*

ಮೂರನೇ ಕಾರಣ ಎಲ್ಲಕ್ಕಿಂತ ನೇರವಾದದ್ದು. ಗಡ್ಡೆ ಪತ್ತೆಯಾದ ಮಗುವಿನ ತಂದೆತಾಯಿಗೆ ಸಲಹೆ ಕೊಡುವವರಿಗೇನೂ ಬರವಿಲ್ಲ. 'ರೋಗನಿರೋಧಕ ಶಕ್ತಿ' ಹೆಸರಿನಲ್ಲಿ ಮಾರುವ ಪುಡಿಗೆ ಮರುಳಾಗಿ ರೇಡಿಯೇಶನ್ ಮುಂದೂಡಿದರೆ, ಕೀಮೋ ನಡುವೆ ತಿಳಿಸದೆ ಏನೇನೋ ಕುಡಿಸಿದರೆ, ಕಳೆದುಹೋಗುವುದು ಮಗುವಿಗಿದ್ದ ಸಮಯ. ಮಗುವಿನ ಗಡ್ಡೆ ಅವರ ಅಡುಗೆಯ ದೋಷದಿಂದ ಬಂದದ್ದಲ್ಲ, ಶಕ್ತಿ ಕಡಿಮೆಯಾಗಿ ಬಂದದ್ದೂ ಅಲ್ಲ ಎಂಬ ಸತ್ಯ ಅವರ ತಪ್ಪಿತಸ್ಥ ಭಾವವನ್ನಾದರೂ ಇಳಿಸುತ್ತದೆ. ಹೆತ್ತವರು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ: ಇದು ಯಾವ ಬಗೆಯ ಗಡ್ಡೆ? ಬಯಾಪ್ಸಿ ಮಾಡಬಹುದೇ? ಕೆ27ಎಂ ಮತ್ತು ತಪ್ಪು ತಿದ್ದುವ ಪ್ರೋಟೀನುಗಳ ಪರೀಕ್ಷೆ ಆಗಿದೆಯೇ? ಸೇರಬಹುದಾದ ಪ್ರಯೋಗ ಯಾವುದಾದರೂ ಇದೆಯೇ?

ಸರ್ಕಾರ, ಆಸ್ಪತ್ರೆಗಳಿಗೂ ಇದೇ ತರ್ಕ ಅನ್ವಯಿಸುತ್ತದೆ. ಗಡ್ಡೆಯ ಬಗೆ ಗೊತ್ತಿಲ್ಲದೆ ಕೊಟ್ಟ ಇಮ್ಯುನೊಥೆರಪಿ ಒಂದು ಮಗುವಿನಲ್ಲಿ ವ್ಯರ್ಥ, ಇನ್ನೊಂದರಲ್ಲಿ ಹಾನಿ, ಮತ್ತೊಂದರಲ್ಲಿ ವರ. ಅದಕ್ಕೇ ಮಕ್ಕಳ ಪ್ರತಿ ಮೆದುಳಿನ ಗಡ್ಡೆಗೂ ಅಣುಮಟ್ಟದ ಪರೀಕ್ಷೆ ಖಾತ್ರಿಯಾಗಬೇಕು. ಅದರ ಖರ್ಚನ್ನು ಆರೋಗ್ಯ ವಿಮಾ ಯೋಜನೆಗಳು ಭರಿಸಬೇಕು. ಉಳಿದ ಅಂಗಾಂಶ ಸಂಶೋಧನೆಗೆ ಸಿಗುವ ವ್ಯವಸ್ಥೆಯಾಗಬೇಕು. ಜಿಡಿ2 ಪತ್ತೆಯಾದದ್ದು ಮಗುವನ್ನು ಕಳೆದುಕೊಂಡ ಕುಟುಂಬಗಳು ಕೊಟ್ಟ ಅಂಗಾಂಶದಿಂದ. ರೋಗನಿರೋಧಕ ವ್ಯವಸ್ಥೆಗೆ ಗಡ್ಡೆಯನ್ನು ತೋರಿಸಿಕೊಡಬೇಕಾದರೆ ಮೊದಲು ನಾವು ಅದನ್ನು ಸರಿಯಾಗಿ ನೋಡಿರಬೇಕು. ಈ ನೋಟಕ್ಕೆ ಬೇಕಾದ ಪರೀಕ್ಷೆಗಳು ನಮ್ಮಲ್ಲಿವೆ. ಅವು ಎಲ್ಲ ಮಕ್ಕಳಿಗೂ ಸಿಗುವಂತೆ ಮಾಡುವುದು ಇನ್ನು ವಿಜ್ಞಾನದ ಪ್ರಶ್ನೆಯಲ್ಲ, ನಮ್ಮ ನಿರ್ಧಾರದ್ದು.